ಹದಿನೇಳು ಹೆಜ್ಜೆ

ಮಂಗೋಚಿಯ ಜಿಲ್ಲಾಸ್ಪತ್ರೆ, ಹೆರಿಗೆ ವಾರ್ಡು.
ಬಾಗಿಲ ಹಿಂದೆ ನನ್ನ ಸ್ಟೂಲು.
ಮೊಣಕಾಲ ಮೇಲೊಂದು ರಟ್ಟು, ರಟ್ಟಿನ ಮೇಲೆ ಹಾಳೆ,
ಹಾಳೆಯಲ್ಲಿ ಎರಡೇ ಮನೆ:
ತೊಳೆದರು. ತೊಳೆಯಲಿಲ್ಲ.

ಮೊದಲ ವಾರ ಎಲ್ಲರೂ ತೊಳೆದರು.
ನನ್ನ ಪೆನ್ಸಿಲು ಅಲುಗಿದರೆ ಸಾಕು,
ಮೇಷ್ಟ್ರ ಕೆಮ್ಮು ಕೇಳಿದ ಮಕ್ಕಳ ಹಾಗೆ
ಎಲ್ಲುಫೆ ಬಕೀಟಿನತ್ತ ಓಡುತ್ತಿದ್ದಳು.
ಡಾಕ್ಟರೂ ಅಷ್ಟೆ, ಗಡಿಯಾರ ಬಿಚ್ಚಿ
ಬೆರಳ ಸಂದಿಗೊಂದಿ ಉಜ್ಜಿ
ನನ್ನತ್ತ ತಿರುಗಿ ನಕ್ಕರು.
ನೂರಕ್ಕೆ ತೊಂಬತ್ತೊಂದು.
ಸುಳ್ಳು ಲೆಕ್ಕವೆಂದು ನನಗೂ ಗೊತ್ತಿತ್ತು,
ಮೂಲೆಯ ತೊಟ್ಟಿಲಲ್ಲಿ
ಕಾದ ಹಂಚಿನಂಥ ಮೈಯ
ಆರು ದಿನದ ಕೂಸಿಗೂ.

ಮೂರನೆಯ ವಾರದ ಹೊತ್ತಿಗೆ ನಾನು ಗೋಡೆಯ ಹಲ್ಲಿ.
ಯಾರೂ ನೋಡುವುದಿಲ್ಲ, ನಾನು ಲೊಚಗುಟ್ಟುವುದೂ ಇಲ್ಲ.
ಎಂಬತ್ತು. ಐವತ್ತೆಂಟು. ಮೂವತ್ತೊಂದು.

ಸೋಮಾರಿಗಳಲ್ಲ ಅವರು.
ರಾತ್ರಿಗೆ ಇಬ್ಬರು, ಮಂಚ ನಲವತ್ತು,
ಮಂಚಗಳ ನಡುವೆ ನೆಲದ ಮೇಲೂ ಬಸುರಿಯರು.
ಒಬ್ಬಳ ನಾಡಿ ಹಿಡಿದ ಕೈಯನ್ನು
ಇನ್ನೊಬ್ಬಳ ಕೂಗು ಕಿತ್ತುಕೊಳ್ಳುತ್ತದೆ,
ನಡುವೆ ನೀರು ನುಸುಳಲು ಜಾಗವೆಲ್ಲಿ?

ಒಂದು ರಾತ್ರಿ ಕರೆಂಟು ಹೋಯಿತು.
ಎಲ್ಲುಫೆ ಕೂಗಿದಳು: ಬರೆಯೋದು ಬಿಡು, ಬಾ.
ರಟ್ಟು ಕೆಳಗಿಟ್ಟೆ. ಫೋನಿನ ದೀಪ ಹಲ್ಲಲ್ಲಿ ಕಚ್ಚಿ
ಫನೆಸಿಯ ಮಗುವನ್ನು ಹಿಡಿದೆ,
ಕೆರೆಯಿಂದ ಈಗ ತಾನೇ ಎತ್ತಿದ ಮೀನು,
ಬಿಸಿ, ಜಾರು, ಸಿಟ್ಟು.
ಬಳ್ಳಿ ಕಟ್ಟಿ, ಕತ್ತರಿಸಿ,
ಅಳು ಕೇಳಿ ನಕ್ಕು,
ಆಮೇಲೆ ನೆನಪಾಯಿತು:
ಪೆನ್ಸಿಲು ಹಿಡಿದ ಕೈ. ನೆಲ ಮುಟ್ಟಿದ ಕೈ.
ಬಾಗಿಲ ಚಿಲಕ ಎಳೆದ ಕೈ.

ಬೆಳಗ್ಗೆ ನೋಡಿದರೆ ಹಾಳೆಯಲ್ಲಿ ನನಗೆ ಜಾಗವಿಲ್ಲ.
ಅಂಚಿನಲ್ಲಿ ಗೆರೆಯೆಳೆದು ಬರೆದೆ:
ನೋಡುವವಳು. ಒಂದು ಸಲ. ತೊಳೆಯಲಿಲ್ಲ.

ಅವತ್ತೇ ಅಳೆದದ್ದು.
ಕೊನೆಯ ಮಂಚದಿಂದ ಬಕೀಟಿಗೆ
ಹದಿನೇಳು ಹೆಜ್ಜೆ, ಮಲಗಿದವರನ್ನು ದಾಟಿ.
ಗೋಡೆಯ ಪೋಸ್ಟರಿನಲ್ಲಿ
ಕೈ ತೊಳೆಯುವ ಬಗೆಬಗೆಯ ಚಿತ್ರ;
ಆ ಕೈಗಳಿಗೆ ಮೈಯಿಲ್ಲ, ರಾತ್ರಿಪಾಳಿಯಿಲ್ಲ.

ಬ್ಲಾಂಟೈರಿನಿಂದ ಕಾಲೇಜಿನ ಮೇಡಂ ಫೋನು:
ನಿನ್ನ ಸಂಶೋಧನೆಯಲ್ಲಿ ಹೊಸದೇನು?
ಬಕೀಟು, ಅಂದೆ.
ಬಕೀಟು?
ಈಚೆಗೆ ತರುವುದು. ಎಂಟು ಮಂಚಕ್ಕೊಂದು.
ಆಚೆ ತುದಿಯಲ್ಲಿ ಬಹಳ ಹೊತ್ತು ಫ್ಯಾನಿನ ಸದ್ದು.

ಐದು ಬಕೀಟು ಬಂದವು, ನಲ್ಲಿ ಕೂರಿಸಿದವು.
ಸೋಪು ಮಾತ್ರ ಎರಡು ದಿನವೂ ನಿಲ್ಲಲಿಲ್ಲ.
ಮೊಮ್ಮಗಳ ಆರೈಕೆಗೆ ಬಂದು
ಹೊರಗಿನ ಚಪ್ಪರದಲ್ಲಿ ಮಲಗುತ್ತಿದ್ದ ನಸಿಬೆಕೊ ಅಜ್ಜಿ
ಹಳೆಯ ಕಾಲುಚೀಲದಲ್ಲಿ ಸೋಪು ತುರುಕಿ
ಚಿತೆಂಜೆಯ ಅಂಚು ಹರಿದು ನಲ್ಲಿಗೆ ಬಿಗಿದಳು.
ಕದಿಯೋನು ಬಕೀಟನ್ನೂ ಹೊರಲಿ, ಅಂದಳು.
ವರದಿಯಲ್ಲಿ ಅವಳ ಹೆಸರು ಹಾಕಿದ್ದೆ.
ತೆಗೆಯಬೇಕು ಅಂದರು. ತೆಗೆದೆ.
ಇಲ್ಲಿ ಹಾಕಿದ್ದೇನೆ.

ಅರವತ್ತೆರಡು, ಕೊನೆಯ ಲೆಕ್ಕ.
ನೂರಲ್ಲ. ಉಳಿದ ಮೂವತ್ತೆಂಟು
ಯಾರ ಮೈಮೇಲೆ ಹೋಗಿ ಕೂತವು, ಹಾಳೆ ಹೇಳುವುದಿಲ್ಲ.
ಮೂಲೆಯ ತೊಟ್ಟಿಲಿನ ಕೂಸು
ತೊಂಬತ್ತೊಂದರ ವಾರದಲ್ಲೇ ಹೋಗಿಬಿಟ್ಟಿತ್ತು.

ಫನೆಸಿ ಒಂಬತ್ತನೆಯ ದಿನ ಬಂದಳು, ತೋರಿಸಲು.
ತೊಳೆದೆ, ಇಪ್ಪತ್ತರವರೆಗೆ ಎಣಿಸುತ್ತಾ,
ಯಾರೂ ನೋಡುತ್ತಿರಲಿಲ್ಲ.
ಬಟ್ಟೆ ಸರಿಸಿದೆ. ಹೊಕ್ಕುಳು ಒಣಗಿದೆ.
ಕೆಂಪಿಲ್ಲ, ಕೀವಿಲ್ಲ, ವಾಸನೆಯಿಲ್ಲ.
ಅದೃಷ್ಟವಂತ, ಅಂದಳು ಫನೆಸಿ.

ಅದೃಷ್ಟಕ್ಕೆ ನನ್ನ ಹಾಳೆಯಲ್ಲಿ
ಮನೆಯಿಲ್ಲ.